ತಂಬೂರಿಯ ಕುದುರೆ ಮತ್ತು ರಾಮನ್

ನಮ್ಮ ಬ್ಯಾಂಡ್‌ನಲ್ಲಿ ನಾಲ್ಕು ಜನ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಊರಿಗೊಬ್ಬರು. ಫೆಸ್ಟ್‌ಗೆ ಮುಂಚೆ ನಮ್ಮ ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್‌ಗೆ ಹೊಸ ತಂತಿ ಹಾಕಿದೆವು. ಬೆವರು, ತುಕ್ಕು ಹತ್ತಿ ಹಳೆಯ ತಂತಿಗಳ ಸದ್ದು ಸತ್ತೇ ಹೋಗಿತ್ತು. ಹೊಸದು ಹಾಕಿದ ಮೇಲೆ ಬೇರೆ ತಲೆನೋವು: ದಪ್ಪ ತಂತಿ ಮೀಟಿದರೆ ಝೇಂ ಅಂತ ಗುಂಯ್‌ಗುಡೋದು. ನೋಡಿದರೆ, ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಸವೆದು ಚಪ್ಪಟೆಯಾಗಿತ್ತು. ಹೊಸದುರ್ಗದವನು ಮಾತ್ರ ಇದು ಅವರಜ್ಜ ಭಜನೆಗೆ ಹಿಡಿಯುತ್ತಿದ್ದ ತಂಬೂರಿ ಸದ್ದು ಅಂದ. ನಾವು ನಕ್ಕೆವು. ಆಮೇಲೆ ಓದಿದಾಗ ಗೊತ್ತಾಯ್ತು, ಅವನು ಹೇಳಿದ್ದು ಸರಿ. ನೂರು ವರ್ಷದ ಹಿಂದೆ ಆ ಸದ್ದಿನ ಹಿಂದೆ ಬಿದ್ದವರು, ನಮಗೆಲ್ಲ ಬೆಳಕಿನ ಪಾಠದಲ್ಲಿ ಮಾತ್ರ ಸಿಗುವ ಸರ್ ಸಿ. ವಿ. ರಾಮನ್.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿ ಹತ್ತಿರ. ಅಪ್ಪ ಮೇಷ್ಟ್ರು, ಪಿಟೀಲು ನುಡಿಸುತ್ತಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಮುಗಿಸುವಾಗ ಹುಡುಗನಿಗೆ ಹದಿನೆಂಟು ವರ್ಷ, ಅಂದರೆ ನಮಗಿಂತ ಚಿಕ್ಕವರು! ಇಂಗ್ಲೆಂಡಿಗೆ ಹೋಗಿ ಓದೋಣ ಅಂದರೆ, ಅಲ್ಲಿನ ಚಳಿ ಈ ದೇಹಕ್ಕೆ ಆಗಲ್ಲ ಅಂತ ಡಾಕ್ಟರ್ ಹೇಳಿಬಿಟ್ಟರು. ಇಲ್ಲಿ ವಿಜ್ಞಾನ ನಂಬಿಕೊಂಡರೆ ಹೊಟ್ಟೆ ತುಂಬುವ ಕಾಲ ಅಲ್ಲ. ಹಣಕಾಸು ಇಲಾಖೆ ಪರೀಕ್ಷೆ ಬರೆದು ಪಾಸಾದರು. 1907ರಲ್ಲಿ ವೀಣೆ ಬಲ್ಲ ಲೋಕಸುಂದರಿಯವರನ್ನು ಮದುವೆಯಾಗಿ ಕಲ್ಕತ್ತಕ್ಕೆ ಅಕೌಂಟ್ಸ್ ಆಫೀಸರ್ ಆಗಿ ಹೋದರು. ಮನೆಯವರಿಗೆ ಇದಕ್ಕಿಂತ ಒಳ್ಳೆ ಪ್ಲೇಸ್‌ಮೆಂಟ್ ಇನ್ನೇನು ಬೇಕು?

ಅಲ್ಲಿ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಲ್ಯಾಬ್ ಹೆಚ್ಚುಕಡಿಮೆ ಖಾಲಿ ಬಿದ್ದಿತ್ತು. ಬೆಳಿಗ್ಗೆ ಆಫೀಸಿಗೆ ಮುಂಚೆ ಅಲ್ಲಿ, ಸಂಜೆ ಆಫೀಸ್ ಬಿಟ್ಟ ಮೇಲೆ ಮತ್ತೆ ಅಲ್ಲೇ. ನಡುವೆ ರಂಗೂನ್, ನಾಗಪುರ ಅಂತ ಟ್ರಾನ್ಸ್‌ಫರ್ ಬೇರೆ. ಹೀಗೆ ಹತ್ತು ವರ್ಷ. ದೊಡ್ಡ ಮಷಿನ್ ಏನೂ ಇರಲಿಲ್ಲ, ಕೈಗೆ ಸಿಕ್ಕಿದ್ದು ತಂತಿ, ಪಿಟೀಲು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಪಾಲಿತ್ ಪ್ರೊಫೆಸರ್ ಹುದ್ದೆ ಕೊಟ್ಟಾಗ, ಸರ್ಕಾರಿ ಕೆಲಸ ಬಿಟ್ಟು ಅದಕ್ಕಿಂತ ತುಂಬಾ ಕಡಿಮೆ ಸಂಬಳಕ್ಕೆ ಹೋದರು. ಮನೆಯಲ್ಲಿ ಇಂಥ ಮಾತು ಎತ್ತೋಕೂ ನಮಗೆ ಧೈರ್ಯ ಇಲ್ಲ, ಅದು ಬೇರೆ ವಿಷಯ.

ಪಿಟೀಲು ನುಡಿಸೋಕೆ ಅವರು ಒಂದು ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ನಿಂತಲ್ಲೇ ಇರುತ್ತೆ, ಪಿಟೀಲೇ ಹಿಂದೆ ಮುಂದೆ ಓಡುತ್ತೆ. ಕಮಾನನ್ನು ಎಷ್ಟು ಒತ್ತಬೇಕು, ಎಷ್ಟು ವೇಗ ಬೇಕು ಅಂತ ಅಳೆಯೋದು ಅದರ ಉದ್ದೇಶ.

1921ರಲ್ಲಿ ಅವರು ನಮ್ಮ ತಂತಿವಾದ್ಯಗಳ ಬಗ್ಗೆ ಒಂದು ಪುಟ್ಟ ಲೇಖನ ಬರೆದರು. ನಮಗೆ ಬೇಕಾಗಿದ್ದು ಇದು. ಯಂಗ್, ಹೆಲ್ಮ್‌ಹೋಲ್ಟ್ಸ್ ಅವರ ನಿಯಮದ ಪ್ರಕಾರ ತಂತಿಯನ್ನು ಎಲ್ಲಿ ಮೀಟುತ್ತೀವೋ ಅಲ್ಲಿ ನೋಡ್ ಇರುವ ಹಾರ್ಮಾನಿಕ್ ಹುಟ್ಟಬಾರದು. ಸರಿಯಾಗಿ ಮಧ್ಯದಲ್ಲಿ ಮೀಟಿದರೆ ಎರಡನೇ ಹಾರ್ಮಾನಿಕ್ ಕೇಳಬಾರದು. ಗಿಟಾರ್‌ನಲ್ಲಿ ಇದು ಬಹುಮಟ್ಟಿಗೆ ನಿಜ. ತಂಬೂರಿ, ವೀಣೆಯಲ್ಲಿ ಹಾಗಲ್ಲ, ಇರಬಾರದ ಸ್ವರ ಜೋರಾಗಿಯೇ ಹಾಡುತ್ತೆ. ಕಾರಣ ಬ್ರಿಡ್ಜ್, ನಮ್ಮವರು ಕುದುರೆ ಅನ್ನೋದು. ಗಿಟಾರ್ ಸ್ಯಾಡಲ್‌ನಲ್ಲಿ ತಂತಿ ಒಂದು ಚೂಪಾದ ಅಂಚಲ್ಲಿ ಮುಗಿಯುತ್ತೆ. ಕುದುರೆಯ ಮೈ ಅಗಲ, ಸ್ವಲ್ಪ ಉಬ್ಬು. ತಂತಿ ಅಲುಗಿದಂತೆಲ್ಲ ಅದರ ಮೇಲೆ ಕೂತು ಏಳುತ್ತೆ, ಅಂದರೆ ತಂತಿ ಮುಗಿಯುವ ಜಾಗ ಕ್ಷಣಕ್ಷಣಕ್ಕೂ ಬದಲಾಗುತ್ತೆ. ತಂಬೂರಿಯಲ್ಲಿ ತಂತಿಯ ಕೆಳಗೆ ಒಂದು ಎಳೆ ದಾರ ಇಟ್ಟು, ಝೇಂಕಾರ ಬರೋವರೆಗೂ ಅದನ್ನು ಸರಿಸುತ್ತಾರೆ. ಆ ದಾರದ ಹೆಸರೇ ಜೀವಾಳ.

ಅಂದರೆ ನಮ್ಮ ಬೇಸ್‌ನ ರೋಗ ತಂಬೂರಿಯ ಜೀವ. 1967ರಲ್ಲಿ ಅಮೆರಿಕದ ಡಾನ್‌ಎಲೆಕ್ಟ್ರೋ ಕಂಪನಿ ಬೇಕಂತಲೇ ಚಪ್ಪಟೆ ಬ್ರಿಡ್ಜ್ ಹಾಕಿ ಎಲೆಕ್ಟ್ರಿಕ್ ಸಿತಾರ್ ಅಂತ ಗಿಟಾರ್ ಮಾರಿತ್ತು.

ಮುಂದಿನದು ಎಲ್ಲರಿಗೂ ಗೊತ್ತು. 1928ರ ಫೆಬ್ರವರಿ 28, ರಾಮನ್ ಪರಿಣಾಮ. 1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಜಗಳಗಳಾಗಿ 1937ರಲ್ಲಿ ಆ ಕುರ್ಚಿ ಬಿಟ್ಟರೂ ಪ್ರೊಫೆಸರ್ ಆಗಿ ಅಲ್ಲೇ ಉಳಿದರು. 1948ರಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ಸ್ವಂತ ಸಂಸ್ಥೆ. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಂತ್ಯಕ್ರಿಯೆ ಆ ಸಂಸ್ಥೆಯ ಆವರಣದಲ್ಲೇ ನಡೆಯಿತು. ಈಗ ಅಲ್ಲೊಂದು ಮರ ಇದೆ.

ಬೇಸ್ ವಿಷಯಕ್ಕೆ ಬಂದರೆ, ಹೊಸ ಸ್ಯಾಡಲ್ ಹಾಕಿದೆವು. ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಸ್ವಲ್ಪ ಮೇಲಿತ್ತು, ಸ್ಕ್ರೂ ತಿರುಗಿಸಿ ಸ್ಯಾಡಲ್ ಹಿಂದಕ್ಕೆ ಎಳೆದು ಸರಿ ಮಾಡಿದೆವು. ಸವೆದ ಸ್ಯಾಡಲ್ ಎಸೆಯಲು ಹೊಸದುರ್ಗದವನು ಬಿಡಲಿಲ್ಲ. ಮುಂದಿನ ಫೆಸ್ಟ್‌ನಲ್ಲಿ ಒಂದು ತತ್ವಪದಕ್ಕೆ ಅದನ್ನೇ ವಾಪಸ್ ಹಾಕಬೇಕಂತೆ.