ಮಗ್ಗದ ಮುಂದಿನ ಕವಿ: ಮುದನೂರಿನ ದಾಸಿಮಯ್ಯ

ವಡಗೇರಾದಿಂದ ಶಹಾಪುರ ದಾಟಿ ಸುರಪುರ ಸೀಮೆಗೆ ಹೋದರೆ ಮುದನೂರು ಎಂಬ ಊರಿದೆ. ಅಲ್ಲಿ ರಾಮನಾಥನ ಗುಡಿಯಿದೆ. 11ನೆಯ ಶತಮಾನದಲ್ಲಿ ಈ ಊರಿನ ನೇಕಾರರೊಬ್ಬರು ಅದೇ ರಾಮನಾಥನ ಹೆಸರನ್ನು ಅಂಕಿತವಾಗಿಟ್ಟುಕೊಂಡು ವಚನ ಹಾಡಿದರು. ಅವರೇ ಜೇಡರ ದಾಸಿಮಯ್ಯನವರು. ದೇವರ ದಾಸಿಮಯ್ಯ ಎಂದೂ ಅವರನ್ನು ಕರೆಯುತ್ತಾರೆ. ಇವರಿಬ್ಬರೂ ಬೇರೆ ಬೇರೆ ಎನ್ನುವ ವಿದ್ವಾಂಸರೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಬಸವಣ್ಣನವರು ತಮ್ಮ ವಚನಗಳಲ್ಲಿ ಈ ಹಿರಿಯರನ್ನು ಗೌರವದಿಂದ ನೆನೆದಿದ್ದಾರೆ.

ಅವರ ಕಾಲದ ಸಮಾಜ ಹೇಗಿತ್ತೆಂದು ನೀವು ಕೇಳಬಹುದು. ಆಗ ನಮ್ಮ ಭಾಗವನ್ನು ಆಳುತ್ತಿದ್ದವರು ಚಾಲುಕ್ಯರು. ಚಕ್ರವರ್ತಿಯ ಕೆಳಗೆ ಮಹಾಮಂಡಲೇಶ್ವರರು, ಅವರ ಕೆಳಗೆ ಸಾಮಂತರು, ಕೊನೆಗೆ ಊರಿನ ಗಾವುಂಡರು. ಮೇಲಿನವನು ಭೂಮಿಯ ಹುಟ್ಟುವಳಿಯನ್ನು ಬಿಟ್ಟುಕೊಡುತ್ತಿದ್ದ, ಕೆಳಗಿನವನು ಯುದ್ಧಕ್ಕೆ ಪಡೆ ಕಟ್ಟಿಕೊಂಡು ಹೋಗುತ್ತಿದ್ದ. ಯುರೋಪಿನ ಊಳಿಗಮಾನ್ಯ ಪದ್ಧತಿಯನ್ನು ಶಾಲೆಯಲ್ಲಿ ಓದಿದವರಿಗೆ ಇದು ಹೊಸದೇನೂ ಅಲ್ಲ. ಭಾರವೆಲ್ಲ ಬೀಳುತ್ತಿದ್ದುದು ಉಳುವವನ, ನೇಯುವವನ ಹೆಗಲಿಗೆ. ಮಗ್ಗಕ್ಕೂ ತೆರಿಗೆಯಿತ್ತೆಂದು ಶಾಸನಗಳು ಹೇಳುತ್ತವೆ.

ಕವಿಗಳೂ ಈ ಏರ್ಪಾಡಿನೊಳಗೇ ಇದ್ದರು. ಪಂಪನಿಗೆ ಅರಿಕೇಸರಿ ಅಗ್ರಹಾರವನ್ನೇ ಕೊಟ್ಟ. ರನ್ನನಿಗೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎಂಬ ಬಿರುದು ಸಿಕ್ಕಿತು. ದೊಡ್ಡ ಕವಿಗಳೇ, ಸಂಶಯವಿಲ್ಲ. ಆದರೆ ಒಡೆಯನನ್ನು ಅರ್ಜುನನಿಗೂ ಭೀಮನಿಗೂ ಹೋಲಿಸಿ ಬರೆಯುವುದು ಅವರಿಗೆ ಅನಿವಾರ್ಯವಾಗಿತ್ತು.

ದಾಸಿಮಯ್ಯನವರಿಗೆ ಆ ಹಂಗಿರಲಿಲ್ಲ. ಲಾಳಿ ಹಿಡಿದ ಕೈಯೇ ಅವರಿಗೆ ಅನ್ನ ಕೊಡುತ್ತಿತ್ತು. ನೆಲವೂ ಬೆಳೆಯೂ ಬೀಸುವ ಗಾಳಿಯೂ ದೇವರ ದಾನ, ಅದನ್ನುಂಡು ಬೇರೆಯವರನ್ನು ಹೊಗಳುವವರು ನಾಯಿಗಳು ಎಂಬ ಅರ್ಥದ ವಚನ ಅವರದು. ಭೂಮಿ ಕೊಟ್ಟವನೇ ಒಡೆಯ ಎಂದು ನಂಬಿದ್ದ ಕಾಲದಲ್ಲಿ ಒಬ್ಬ ನೇಕಾರ ಹೀಗೆ ಹೇಳುವುದು ಸಣ್ಣ ಮಾತೇ? ವಿಚಿತ್ರವೆಂದರೆ ಅರಮನೆಯೇ ಅವರ ಬಳಿಗೆ ಬಂತಂತೆ. ಇಮ್ಮಡಿ ಜಯಸಿಂಹನ ರಾಣಿ ಸುಗ್ಗಲೆ ಅವರನ್ನು ಗುರುವಾಗಿ ಸ್ವೀಕರಿಸಿದಳೆಂದು ಪರಂಪರೆ ಹೇಳುತ್ತದೆ.

ದೇವರೊಂದಿಗೂ ಅವರದು ಸಲುಗೆಯ ಮಾತು. ಒಡಲು ಇದ್ದವನಿಗೆ ಹಸಿವು ತಪ್ಪದು, ಹಸಿದವನು ಸುಳ್ಳಾಡುವುದೂ ಉಂಟು. ನನ್ನನ್ನು ಜರೆಯುವ ಮೊದಲು ನೀನೂ ಒಮ್ಮೆ ಒಡಲು ಹೊತ್ತು ನೋಡು ಎಂದು ಅವರು ರಾಮನಾಥನನ್ನೇ ಕೇಳುತ್ತಾರೆ. ಇದನ್ನು ಓದುವಾಗ ನಮಗೆ ಬೆತ್ಲೆಹೇಮಿನ ಗೋದಲಿ ನೆನಪಾಗುವುದು ಸಹಜ. ಆದರೂ ಇದನ್ನು ಮುದನೂರಿನ ಹಸಿದವನೊಬ್ಬನ ಮಾತಾಗಿಯೇ ಮೊದಲು ಕೇಳಿ.

ಅವರ ಮಡದಿ ದುಗ್ಗಳೆ. ಸೌದೆ, ನೀರು ಎರಡೂ ಇಲ್ಲದೆ ಪಾಯಸ ಮಾಡುವ ಹುಡುಗಿಯನ್ನೇ ಮದುವೆಯಾಗುವೆನೆಂದು ದಾಸಿಮಯ್ಯನವರು ಹಟ ಹಿಡಿದಿದ್ದರಂತೆ. ದುಗ್ಗಳೆ ಕಬ್ಬಿನ ಹಾಲು ಹಿಂಡಿ ಅದರಲ್ಲೇ ಅಕ್ಕಿ ಬೇಯಿಸಿದಳು, ಉಳಿದ ಸಿಪ್ಪೆಯನ್ನೇ ಒಲೆಗೆ ಹಾಕಿದಳು. ದಂತಕಥೆಯೇ ಇರಲಿ, ಆ ಹೆಣ್ಣುಮಗಳ ಜಾಣ್ಮೆ ನೋಡಿ! ಬಂದಷ್ಟರಲ್ಲೇ ಅರಿತು ಮನೆ ನಡೆಸುವ ಮಡದಿಯನ್ನು ದಾಸಿಮಯ್ಯನವರು ಮೆಚ್ಚಿ ಹಾಡಿದ್ದಾರೆ. ಗಂಡಹೆಂಡಿರು ಒಂದಾಗಿ ಮಾಡುವ ಭಕ್ತಿಯೇ ದೇವರಿಗೆ ಮೆಚ್ಚು, ಒಡಕಿನ ಮನೆಯ ಭಕ್ತಿ ಅಮೃತದಲ್ಲಿ ವಿಷ ಬೆರೆಸಿದಂತೆ ಎಂಬುದು ಅವರ ಇನ್ನೊಂದು ವಚನದ ಸಾರ. ಹೆಣ್ಣು, ಗಂಡು ಎಂಬ ಗುರುತು ದೇಹಕ್ಕೆ ಮಾತ್ರ, ಒಳಗಿನ ಆತ್ಮ ಎರಡೂ ಅಲ್ಲ ಎಂದವರೂ ಅವರೇ.

ದುಗ್ಗಳೆಯವರೂ ವಚನಗಳನ್ನು ರಚಿಸಿದ್ದಾರೆ. ಇಂದು ದೊರೆಯುವುದು ಎರಡೇ. ಅವುಗಳ ಅಂಕಿತ ದಾಸಯ್ಯಪ್ರಿಯ ರಾಮನಾಥ.