ಹೊಡೆದು ಬೆಳೆಸಿದ್ದಕ್ಕೇ ಬೀಥೋವನ್ ದೊಡ್ಡವರಾದರೇ?

ಏಟು ತಿಂದ ಮಕ್ಕಳೇ ಮುಂದೆ ಹೆಸರು ಮಾಡುತ್ತಾರೆ ಎಂಬ ನಂಬಿಕೆ ದಿನಕ್ಕೊಂದು ವೇಷದಲ್ಲಿ ನಮ್ಮ ಮೊಬೈಲಿಗೆ ಬರುತ್ತಿರುತ್ತದೆ. ಅದಕ್ಕೆ ಸಾಕ್ಷಿಯಂತೆ ಕಾಣುವ ಬದುಕು ಸಂಗೀತಗಾರ ಲುಡ್ವಿಗ್ ವಾನ್ ಬೀಥೋವನ್ ಅವರದು. ಆದರೆ ಆ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಈ ಸಲ ಪೂರ್ತಿ ನೋಡೋಣ.

ಕೈ ಎತ್ತಿದ ತಂದೆ

ಬೀಥೋವನ್ ಹುಟ್ಟಿದ್ದು 1770ರ ಡಿಸೆಂಬರ್‌ನಲ್ಲಿ, ಜರ್ಮನಿಯ ಬಾನ್ ನಗರದಲ್ಲಿ. ಅಜ್ಜ ಅಲ್ಲಿನ ಆಸ್ಥಾನ ಸಂಗೀತಗಾರರ ಮುಖ್ಯಸ್ಥರು. ತಂದೆ ಯೋಹಾನ್ ಅದೇ ಆಸ್ಥಾನದ ಗಾಯಕರು. ಅಜ್ಜ ತೀರಿಕೊಂಡ ಮೇಲೆ ಆ ಹುದ್ದೆ ತಮಗೆ ಬರುತ್ತದೆ ಎಂದು ಅವರು ಆಸೆಪಟ್ಟರು. ಬರಲಿಲ್ಲ. ಅವರ ತಾಯಿಗೆ ಕುಡಿತದ ಚಟವಿತ್ತು, ಅವರಿಗೂ ಅಂಟಿತು. ಹುಟ್ಟಿದ 7 ಮಕ್ಕಳಲ್ಲಿ ಉಳಿದದ್ದು 3.

ಆ ಕಾಲದಲ್ಲಿ ಯುರೋಪೆಲ್ಲ ಬಾಲಪ್ರತಿಭೆ ಮೊಜಾರ್ಟ್‌ನ ಮಾತು. ತನ್ನ ಮಗನೂ ಹಾಗೇ ಆಗಬೇಕೆಂದು ಯೋಹಾನ್ ಹಟ ಹಿಡಿದರು. ಪುಟ್ಟ ಹುಡುಗ ಬೆಂಚಿನ ಮೇಲೆ ನಿಂತು ಅಳುತ್ತಾ ವಾದ್ಯ ನುಡಿಸುತ್ತಿದ್ದುದನ್ನು, ಕುಡಿದು ಬಂದವರು ನಡುರಾತ್ರಿ ಅವನನ್ನು ಎಬ್ಬಿಸಿ ಅಭ್ಯಾಸಕ್ಕೆ ಕೂರಿಸುತ್ತಿದ್ದುದನ್ನು ನೆರೆಹೊರೆಯವರು ನೆನಪಿಸಿಕೊಂಡಿದ್ದಾರೆ. 1778ರಲ್ಲಿ ಕಲೋನ್‌ನ ಮೊದಲ ಕಛೇರಿಗೆ ಮಗನ ವಯಸ್ಸು 6 ಎಂದು ಪ್ರಚಾರವಾಯಿತು. ನಿಜಕ್ಕೂ 7 ತುಂಬಿತ್ತು.

ಮಕ್ಕಳ ಮೇಲಿನ ಹಿಂಸೆಗೆ ದಾರಿ ಮಾಡಿಕೊಡುವ ಅಂಶಗಳೆಂದು ಮನೋವಿಜ್ಞಾನ ಗುರುತಿಸುವ ಹಲವು ಸಂಗತಿಗಳು ಈ ಮನೆಯಲ್ಲಿದ್ದವು: ಕುಡಿತ, ಈಡೇರದ ಆಸೆ, ಮೇಲಿಂದ ಮೇಲೆ ಸಾವು, ವಯಸ್ಸಿಗೆ ಮೀರಿದ ನಿರೀಕ್ಷೆ. ಇವು ಅಪಾಯವನ್ನು ಹೆಚ್ಚಿಸುತ್ತವೆ, ಹೊಡೆತಕ್ಕೆ ಸಮರ್ಥನೆಯಾಗುವುದಿಲ್ಲ.

ಹಾಗಾದರೆ ಪ್ರತಿಭೆ ಅರಳಿದ್ದು ಹೇಗೆ?

ಸುಮಾರು 10ನೇ ವಯಸ್ಸಿಗೆ ನೀಫೆ ಎಂಬ ಒಳ್ಳೆಯ ಗುರು ಸಿಕ್ಕರು. ಬ್ರಾಯ್ನಿಂಗ್ ಎಂಬ ಕುಟುಂಬ ಅವರನ್ನು ಮನೆಮಗನಂತೆ ನೋಡಿಕೊಂಡಿತು. ಅದೇ ತಂದೆಯ ಮನೆಯಲ್ಲಿ ಬೆಳೆದ ತಮ್ಮಂದಿರಲ್ಲಿ ಒಬ್ಬರು ಸರ್ಕಾರಿ ಗುಮಾಸ್ತರಾದರು, ಇನ್ನೊಬ್ಬರು ಔಷಧಿ ಅಂಗಡಿ ನಡೆಸಿದರು. ಏಟು ತಿಂದು ಹೆಸರು ಮಾಡಿದ ಒಬ್ಬರು ನಮಗೆ ಗೊತ್ತು. ಏಟು ತಿಂದು ಮುದುಡಿಹೋದ ಸಾವಿರಾರು ಮಕ್ಕಳ ಕಥೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಕಥೆಯ ಉಳಿದರ್ಧ

1815ರಲ್ಲಿ ತಮ್ಮ ಕಾಸ್ಪರ್ ಕ್ಷಯದಿಂದ ತೀರಿಕೊಂಡರು. ಮಗ ಕಾರ್ಲ್‌ಗೆ ಆಗ 9 ವರ್ಷ. ಮಗುವನ್ನು ತಾಯಿಯಿಂದ ದೂರ ಮಾಡಬಾರದೆಂದು ಕಾಸ್ಪರ್ ಉಯಿಲಿನಲ್ಲಿ ಬರೆಸಿದ್ದರು. ಬೀಥೋವನ್ ಒಪ್ಪದೆ ಕೋರ್ಟಿಗೆ ಹೋದರು, 1820ರಲ್ಲಿ ಗೆದ್ದರು. ಅಷ್ಟರಲ್ಲಿ ಕಿವಿ ಬಹುತೇಕ ಕೇಳಿಸುತ್ತಿರಲಿಲ್ಲ, ದೇಹ ಸೋತಿತ್ತು, ಮದುವೆಯಾಗಿರಲಿಲ್ಲ. ಹುಡುಗನ ಮೇಲೆ ಅವರಿಗೆ ಜೀವ. ಆದರೆ ತಾಯಿಯನ್ನು ನೋಡಲು ತಡೆ, ಗೆಳೆಯರ ಮೇಲೆ ಅನುಮಾನ, ಖರ್ಚಿಗೆ ಲೆಕ್ಕ, ಮಾತುಮಾತಿಗೆ ಗದರಿಕೆ. 1826ರಲ್ಲಿ, 19ನೇ ವಯಸ್ಸಿನಲ್ಲಿ, ಕಾರ್ಲ್ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಅದೃಷ್ಟಕ್ಕೆ ಬದುಕಿದ. ಚೇತರಿಸಿಕೊಂಡು ಸೇನೆ ಸೇರಿದ, ಮುಂದೆ ಸಂಸಾರ ಕಟ್ಟಿಕೊಂಡ. ಬೀಥೋವನ್ ಮರುವರ್ಷವೇ, 1827ರ ಮಾರ್ಚ್ 26ರಂದು, ತೀರಿಕೊಂಡರು. ಆಸ್ತಿಯನ್ನೆಲ್ಲ ಕಾರ್ಲ್‌ಗೇ ಬಿಟ್ಟಿದ್ದರು.

ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿಯೊಂದೇ ಸಾಲಲಿಲ್ಲ.

ನಮಗೇನು ಪಾಠ?

ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರು ತಾವೂ ಹಾಗೇ ನಡೆದುಕೊಳ್ಳುವ ಸಾಧ್ಯತೆ ಹೆಚ್ಚು, ನಿಜ. ಆದರೆ ಅದು ಹಣೆಬರಹವಲ್ಲ. ಹೆಚ್ಚಿನವರು ಆ ಸರಪಳಿಯನ್ನು ತಮ್ಮಲ್ಲೇ ಕಡಿಯುತ್ತಾರೆ. ಕಷ್ಟ ಹಂಚಿಕೊಳ್ಳುವ ಜನ, ಕುಡಿತಕ್ಕೆ ಮತ್ತು ಖಿನ್ನತೆಗೆ ಚಿಕಿತ್ಸೆ, ಮಗುವಿನ ವಯಸ್ಸಿಗೆ ತಕ್ಕ ನಿರೀಕ್ಷೆ ಇದಕ್ಕೆ ನೆರವಾಗುತ್ತವೆ. ಸಿಟ್ಟು ಕೈಮೀರುವ ಮುನ್ನ ಪಕ್ಕದ ಕೋಣೆಗೆ ಹೋಗಿ ಒಂದು ಲೋಟ ನೀರು ಕುಡಿಯುವುದೂ ಒಂದು ಆರಂಭವೇ.

ನಿಮ್ಮ ಮನಸ್ಸಿಗೆ ನೆರವು ಬೇಕಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಯಾವುದಾದರೂ ಮಗು ಕಷ್ಟದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಫಾರ್ವರ್ಡ್ ಮಾಡುವುದಿದ್ದರೆ ಈ ಎರಡು ನಂಬರುಗಳನ್ನು ಮಾಡಿ.