ಗಣಿತವನ್ನು ಜೋಡಿಸಿಟ್ಟ ಮಹಾವೀರಾಚಾರ್ಯ

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಒಂದು ಕೆ.ಜಿ. ದರ ಗೊತ್ತಾದ್ರೆ ಸಾಕು, ಇಡೀ ಲಾಟಿನ ಬೆಲೆ ಹೇಳಿಬಿಡ್ತಾರೆ. ಇದೇ ತ್ರೈರಾಶಿ. ಈ ಲೆಕ್ಕವನ್ನು ಸುಮಾರು 850ರಲ್ಲೇ ಅಚ್ಚುಕಟ್ಟಾಗಿ ಬರೆದಿಟ್ಟವರು ಜೈನ ಗಣಿತಜ್ಞ ಮಹಾವೀರಾಚಾರ್ಯರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು.

ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತ ಖಗೋಳದ ಜೊತೆ ಬೆರೆತಿತ್ತು. ಇವರು ಗಣಿತವನ್ನಷ್ಟೇ ಆರಿಸಿ, ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ 9 ಅಧ್ಯಾಯವಾಗಿ ಜೋಡಿಸಿದರು. ಮೊದಲು ಅಳತೆಗಳ ಹೆಸರು, ಆಮೇಲೆ ಭಿನ್ನರಾಶಿ, ತ್ರೈರಾಶಿ, ಬಡ್ಡಿ, ಹೊಲದ ಅಳತೆ, ಕೊನೆಗೆ ನೆರಳಿನ ಲೆಕ್ಕ.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗಲ್ಲ ಎಂದು ಅವರು ಬರೆದದ್ದು ತಪ್ಪು. ಆದರೆ ಕ್ರಮವಾಗಿ ಬರೆದಿಟ್ಟಿದ್ದರಿಂದಲೇ ಮುಂದಿನವರಿಗೆ ಆ ತಪ್ಪೂ ಕಣ್ಣಿಗೆ ಬಿತ್ತು. ಹಸ್ತಪ್ರತಿಗಳನ್ನು ಜೋಪಾನ ಮಾಡಿದವರಿದ್ದರು. ಹಾಗಾಗಿ 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು.